ಘಟ್ಟ ಇಳಿಯುವ ಲೆಕ್ಕ, ಘಟ್ಟ ಹತ್ತುವ ಲೆಕ್ಕ

ಮೈಸೂರಿನಿಂದ ಮಡಿಕೇರಿಯ ಮೇಲೆ ಮಂಗಳೂರಿಗೆ ಹೋದರೆ ಸುಮಾರು 255 ಕಿಲೋಮೀಟರ್. ಅದೇ ದಾರಿಯಲ್ಲಿ ಹಿಂದಿರುಗಿದರೂ ಅಷ್ಟೇ. ಪೆಟ್ರೋಲ್ ಕಾರಿನವರಿಗೆ ಈ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವಿದ್ಯುತ್ ಕಾರಿನವರಿಗೆ ಮಾತ್ರ ಇವು ಎರಡು ಬೇರೆ ಪ್ರಯಾಣಗಳು; ಎಲ್ಲಿ ನಿಂತು ಚಾರ್ಜ್ ಮಾಡಿಕೊಳ್ಳಬೇಕೆಂಬುದನ್ನು ಎರಡಕ್ಕೂ ಬೇರೆಯಾಗಿಯೇ ಗೊತ್ತುಮಾಡಿಕೊಳ್ಳಬೇಕು. ವಿದ್ಯುತ್ ಕಾರು ಕೊಂಡ ನಮ್ಮ ಊರಿನ ಗೆಳೆಯರು ಬೆಂಗಳೂರಿಗೆ ನಿರಾತಂಕವಾಗಿ ಹೋಗಿಬರುತ್ತಾರೆ, ಕರಾವಳಿಯ ಮಾತು ಬಂದೊಡನೆ ಘಟ್ಟದಲ್ಲಿ ನಿಂತುಹೋದರೆ ಏನು ಗತಿ ಎಂದು ಯಾರದಾದರೂ ಡೀಸೆಲ್ ಕಾರನ್ನು ಕೇಳಿ ಪಡೆಯುತ್ತಾರೆ. ಅವರು ಹಾಗೆ ಹಿಂಜರಿಯಬೇಕಾಗಿಲ್ಲ. ಅಮ್ಮನನ್ನು ಕರೆದುಕೊಂಡು ಉಡುಪಿಗೆ ಹೋಗಿಬರುವಾಗ ನಾವು ಹಾಕುವ ಲೆಕ್ಕವನ್ನು ಅವರಿಗಾಗಿಯೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಮಾಡಬೇಕಾದ ಕೆಲಸವೆಂದರೆ ದಾರಿಯನ್ನು ಯೂನಿಟ್ಟುಗಳಲ್ಲಿ ಅಳೆಯುವುದು. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೂ ಕಾರಿನ ಬ್ಯಾಟರಿಯ ಗಾತ್ರವನ್ನು ಹೇಳುವ ಕಿಲೋವ್ಯಾಟ್ ಅವರ್ ಕೂಡ ಒಂದೇ ಅಳತೆ. ನಮ್ಮ ಕಾರಿನಲ್ಲಿ ಹಿಡಿಯುವುದು ಸುಮಾರು 40 ಯೂನಿಟ್. ನಾಲ್ವರು ಕುಳಿತು, ಎ.ಸಿ. ಹಾಕಿಕೊಂಡು, 80ರ ಆಸುಪಾಸಿನ ವೇಗದಲ್ಲಿ ಸಮತಟ್ಟಾದ ರಸ್ತೆಯಲ್ಲಿ ಹೋದರೆ ಒಂದು ಯೂನಿಟ್ಟಿಗೆ ಸರಾಸರಿ 7 ಕಿಲೋಮೀಟರ್ ಸಿಗುತ್ತದೆ. ಕಂಪನಿಯವರು ಕಾಗದದಲ್ಲಿ ತೋರಿಸುವ ರೇಂಜ್, ಅಂದರೆ ಒಮ್ಮೆ ತುಂಬಿದರೆ ಓಡುವ ದೂರ, ಇದಕ್ಕಿಂತ ಬಹಳ ಹೆಚ್ಚಿರುತ್ತದೆ, ಏಕೆಂದರೆ ಅದು ಪ್ರಯೋಗಾಲಯದಲ್ಲಿ ಕಡಿಮೆ ವೇಗದಲ್ಲಿ ನಡೆಸಿದ ಪರೀಕ್ಷೆಯಿಂದ ಬಂದ ಸಂಖ್ಯೆ. ಗಾಳಿಯ ಪ್ರತಿರೋಧವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, 80ರಿಂದ 100ಕ್ಕೆ ಹೋದಾಗ ಆ ಪ್ರತಿರೋಧ ಶೇಕಡ 56ರಷ್ಟು ಹೆಚ್ಚುತ್ತದೆ. ಕಾಲು ಗಂಟೆ ಉಳಿಸಲು ಹೋಗಿ ಚಾರ್ಜರ್ ಮುಂದೆ ಅರ್ಧ ಗಂಟೆ ಹೆಚ್ಚು ಕೂರುವುದು ಹೀಗೆಯೇ.

ಇನ್ನು ಎತ್ತರದ ಲೆಕ್ಕ. ಇದು ಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ. ಜನ ಮತ್ತು ಸಾಮಾನು ಸೇರಿ ಕಾರಿನ ತೂಕ 1,800 ಕಿಲೋ ಎಂದಿಟ್ಟುಕೊಂಡರೆ, ಅದನ್ನು 100 ಮೀಟರ್ ಮೇಲೆತ್ತಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,170 ಮೀಟರ್. ನಡುವಿನ ಏರಿಕೆ 400 ಮೀಟರ್, ಅಂದರೆ ಎರಡು ಯೂನಿಟ್. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಕುಶಾಲನಗರದವರೆಗೆ ರಸ್ತೆ ಹೆಚ್ಚೇನೂ ಏರುವುದಿಲ್ಲ, ನಿಜವಾದ ಏರು ಕೊನೆಯ 30 ಕಿಲೋಮೀಟರಿನಲ್ಲಿ ಮಾತ್ರ. ಹೀಗಾಗಿ ಮನೆಯಿಂದ ಪೂರ್ತಿ ತುಂಬಿಕೊಂಡು ಹೊರಟರೆ 120 ಕಿಲೋಮೀಟರ್ ದೂರಕ್ಕೆ 17, ಎತ್ತರಕ್ಕೆ 2, ಒಟ್ಟು 19 ಯೂನಿಟ್ ಖರ್ಚಾಗಿ ಮಡಿಕೇರಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಉಳಿದಿರುತ್ತದೆ.

ಮಡಿಕೇರಿಯಲ್ಲಿ ಕಾಫಿಗೆ ನಿಂತಾಗ, ಹೇಗೂ ನಿಂತಿದ್ದೇವಲ್ಲ, ಇಲ್ಲೇ ಪೂರ್ತಿ ತುಂಬಿಸಿಕೊಂಡುಬಿಡೋಣ ಎನ್ನಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಇಡೀ ದಾರಿಯಲ್ಲಿ ಹಾಗೆ ಮಾಡಬಾರದ ಜಾಗವಿದ್ದರೆ ಅದು ಇದೊಂದೇ. ಇಲ್ಲಿಂದ ಮುಂದೆ ಸಂಪಾಜೆ ಘಟ್ಟದ ಇಳಿಜಾರು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ವಿದ್ಯುತ್ ಕಾರಿನ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಕಾರನ್ನು ಹಿಡಿದು ನಿಧಾನಗೊಳಿಸುತ್ತ ಬ್ಯಾಟರಿಗೆ ಕರೆಂಟ್ ಮರಳಿಸುತ್ತದೆ. ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಹೋಗಲು ಜಾಗವಿಲ್ಲ. ಕಾರು ಈ ಹಿಡಿತವನ್ನು ತಾನೇ ಕಡಿಮೆ ಮಾಡಿಬಿಡುತ್ತದೆ. ದಿನವೂ ಆ ಹಿಡಿತಕ್ಕೆ ಒಗ್ಗಿಹೋದ ಚಾಲಕನಿಗೆ ತಿರುವಿನಲ್ಲಿ ಕಾರು ಮುಂದಕ್ಕೆ ಜಾರಿದಂತೆ ಅನ್ನಿಸಿ ಗಾಬರಿಯಾಗುತ್ತದೆ, ಉಳಿದ ಇಳಿಜಾರನ್ನೆಲ್ಲ ಬ್ರೇಕ್ ತುಳಿದುಕೊಂಡೇ ಇಳಿಯಬೇಕಾಗುತ್ತದೆ. ಅರ್ಧ ಖಾಲಿಯಿರುವ ಬ್ಯಾಟರಿಯೊಂದಿಗೆ ಇಳಿದರೆ ಈ ತೊಂದರೆ ಇಲ್ಲ. ಮಡಿಕೇರಿಯಿಂದ ಸುಳ್ಯಕ್ಕೆ ಬರುವಷ್ಟರಲ್ಲಿ ಸಾವಿರ ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತೇವೆ. ಇಳಿಯುವಾಗ ಸಿಗಬೇಕಾದ ಐದು ಯೂನಿಟ್ಟಿನಲ್ಲಿ ಸ್ವಲ್ಪ ಭಾಗ ಬಿಸಿಯಾಗಿ ನಷ್ಟವಾದರೂ ಮೂರೂವರೆಯಷ್ಟು ಕೈಗೆ ಬರುತ್ತದೆ. ಘಟ್ಟದ ತುದಿಯಲ್ಲಿದ್ದ ಶೇಕಡಾವಾರು ಘಟ್ಟದ ಬುಡದಲ್ಲೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅದನ್ನು ನೋಡುವುದೇ ಒಂದು ಸಂತೋಷ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಉಳಿದ ಕಿಲೋಮೀಟರ್ ಸಂಖ್ಯೆ ಈಗಷ್ಟೇ ಓಡಿದ ರಸ್ತೆಯನ್ನು ಆಧರಿಸಿದ ಅಂದಾಜು. ಘಟ್ಟ ಇಳಿದ ಕೂಡಲೇ ಅದು ಉಬ್ಬಿರುತ್ತದೆ, ಏರು ಹತ್ತಿದ ಮೇಲೆ ಕುಗ್ಗಿರುತ್ತದೆ. ಮುಂದಿರುವ ರಸ್ತೆ ಅದಕ್ಕೆ ತಿಳಿದಿರುವುದಿಲ್ಲ. ಆದ್ದರಿಂದ ನಾನು ನೋಡುವುದು ಶೇಕಡಾವಾರನ್ನು ಮಾತ್ರ.

ಹೋಗುವಾಗಿನ ನಮ್ಮ ಒಂದೇ ಒಂದು ಚಾರ್ಜಿಂಗ್ ನಿಲುಗಡೆ ಸುಳ್ಯ ಅಥವಾ ಪುತ್ತೂರಿನಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ. ಅಮ್ಮನಿಗೆ ಮಂಡಿನೋವು ಇರುವುದರಿಂದ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಲೇಬೇಕು, ಊಟವಾದ ಮೇಲೆ ಮಾತ್ರೆ ನುಂಗಬೇಕು. ಹಾಗಾಗಿ ನಾವು ಮೊದಲು ಅಮ್ಮನ ನಿಲುಗಡೆಗಳನ್ನು ಗುರುತು ಮಾಡಿಕೊಂಡು, ಆಮೇಲೆ ಅವುಗಳ ಹತ್ತಿರದಲ್ಲಿ ಚಾರ್ಜರ್ ಹುಡುಕುತ್ತೇವೆ. ಶುಚಿಯಾದ ಶೌಚಾಲಯ, ನೆರಳು, ಕುಳಿತು ಉಣ್ಣುವ ಜಾಗ ಇಲ್ಲದ ಕಡೆ ಎಷ್ಟೇ ವೇಗದ ಚಾರ್ಜರ್ ಇದ್ದರೂ ನಮಗೆ ಪ್ರಯೋಜನವಿಲ್ಲ. ಸುಳ್ಯಕ್ಕೆ ಬರುವಾಗ ಬ್ಯಾಟರಿ ಶೇಕಡ 40ರ ಮೇಲಿರುತ್ತದೆ. ಅದನ್ನು 80ಕ್ಕೆ ತರಲು 15 ಯೂನಿಟ್ ಸಾಕು. 30 ಕಿಲೋವ್ಯಾಟ್, ಅಂದರೆ ಗಂಟೆಗೆ 30 ಯೂನಿಟ್ಟಿನ ವೇಗ, ಸಿಕ್ಕರೆ ಅರ್ಧ ಗಂಟೆ, ನಿಧಾನವಾದರೆ 40 ನಿಮಿಷ. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಅಲ್ಲಿಂದ ಉಡುಪಿಗೆ ಸುಮಾರು 140 ಕಿಲೋಮೀಟರ್, 20 ಯೂನಿಟ್. ತಲುಪುವಾಗ ಶೇಕಡ 30 ಉಳಿದಿರುತ್ತದೆ.

80ಕ್ಕೇ ಏಕೆ ನಿಲ್ಲಿಸಬೇಕೆಂದರೆ, ಬ್ಯಾಟರಿ ತುಂಬುತ್ತಾ ಬಂದ ಹಾಗೆ ಅದರ ಸುರಕ್ಷತೆಗಾಗಿ ಕಾರೇ ಕರೆಂಟನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕೊನೆಯ 20ಕ್ಕೆ ಹಿಡಿಯುವ ಸಮಯದಲ್ಲಿ ಮುಂದಿನ ಊರಿನ ಚಾರ್ಜರ್ ತಲುಪಿರಬಹುದು. ಹಿಂದೆ ಕಾಯುತ್ತಿರುವವರ ಬಗೆಗೂ ಸ್ವಲ್ಪ ಯೋಚಿಸಬೇಕು. ಹಬ್ಬದ ರಜೆ, ದಸರಾ ದಿನಗಳಲ್ಲಿ ಒಂದೊಂದು ಗನ್ನಿನ (ಕಾರಿಗೆ ಚುಚ್ಚುವ ಕೇಬಲ್ಲಿನ ಹಿಡಿಕೆಯ) ಹಿಂದೆ ಎರಡು ಮೂರು ಕಾರು ನಿಂತಿರುತ್ತವೆ. ಇನ್ನೊಂದು ವಿಷಯ: 60 ಕಿಲೋವ್ಯಾಟ್ ಎಂದು ಬರೆದಿರುವ ಯಂತ್ರಕ್ಕೆ ಎರಡು ಗನ್ ಇದ್ದು, ಪಕ್ಕದಲ್ಲಿ ಮತ್ತೊಂದು ಕಾರು ನಿಂತಿದ್ದರೆ, ಅನೇಕ ಕಡೆ ಅದು ತಲಾ 30ರಂತೆ ಹಂಚಿಹೋಗುತ್ತದೆ. ಕಾರಿನದೇ ಮಿತಿಯೂ ಇರುತ್ತದೆ. 120ರ ಯಂತ್ರಕ್ಕೆ ಚುಚ್ಚಿದ ಮಾತ್ರಕ್ಕೆ 50 ತೆಗೆದುಕೊಳ್ಳುವ ಕಾರು 120 ತೆಗೆದುಕೊಳ್ಳುವುದಿಲ್ಲ.

ಯಾವ ಚಾರ್ಜರನ್ನು ನಂಬಬೇಕು ಎಂಬುದೇ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಹೆದ್ದಾರಿಯ ಎರಡೂ ಬದಿಗಳಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರ ಇರಬೇಕೆಂದು ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿ ಹೇಳಿತ್ತು. ನಕ್ಷೆಯಲ್ಲಿ ಚುಕ್ಕೆಗಳೂ ಸಾಕಷ್ಟು ಕಾಣುತ್ತವೆ. ಆದರೆ ನಮಗೆ ಬೇಕಾಗಿರುವುದು ಆ ದಿನ, ಆ ಹೊತ್ತಿಗೆ ಕೆಲಸ ಮಾಡುವ ಗನ್. ಹೊರಡುವ ಹಿಂದಿನ ರಾತ್ರಿ, ಚಾರ್ಜರ್ ಬಳಸಿದವರು ತಮ್ಮ ಅನುಭವ ಬರೆಯುವ ಪ್ಲಗ್‌ಶೇರ್ ಆಪ್‌ನಲ್ಲಿ, ಆ ಜಾಗದಲ್ಲಿ ಕೊನೆಯದಾಗಿ ಯಾರು, ಎಂದು ಚಾರ್ಜ್ ಮಾಡಿಕೊಂಡರು ಎಂಬುದನ್ನು ನೋಡುತ್ತೇನೆ. ಒಂದು ವಾರದೊಳಗಿನ ಬರಹವಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಆಮೇಲೆ ಚಾರ್ಜರ್ ಇರುವ ಹೋಟೆಲಿಗೇ ಫೋನ್ ಮಾಡುತ್ತೇನೆ. ಸಹಾಯವಾಣಿಯವರು ತಮ್ಮ ಪರದೆಯಲ್ಲಿ ಹಸಿರು ದೀಪ ಕಂಡರೆ ಸರಿಯಿದೆ ಎನ್ನುತ್ತಾರೆ, ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಕುಳಿತವರು ಬೆಳಗ್ಗೆಯಿಂದ ಎಷ್ಟು ಕಾರು ಬಂದು ಹೋದವು ಎಂಬುದನ್ನು ಕಣ್ಣಾರೆ ನೋಡಿರುತ್ತಾರೆ. ಒಂದು ಮಳೆಗಾಲದ ಮಧ್ಯಾಹ್ನ ಹೀಗೆಯೇ ಫೋನ್ ಮಾಡಿದಾಗ ಬಂದ ಉತ್ತರ: "ಕರೆಂಟ್ ಹೋಗಿದೆ ಮಾರಾಯ್ರೆ, ಯಾವಾಗ ಬರ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನೀವು ಮುಂದೆ ಹೋಗಿ, ಪುತ್ತೂರಲ್ಲಿ ಉಂಟು." ಆ ಒಂದು ಮಾತು ನಮಗೆ ಒಂದು ಗಂಟೆ ಉಳಿಸಿತು. ಹೋಟೆಲಿಗೆ ಜನರೇಟರ್ ಇದ್ದರೂ ಅದು ದೀಪಕ್ಕೆ, ಫ್ಯಾನಿಗೆ ಸಾಕಾದೀತೇ ಹೊರತು ಇಷ್ಟು ದೊಡ್ಡ ಚಾರ್ಜರಿಗೆ ಸಾಲುವುದು ಅಪರೂಪ. ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋಗುವ ಸೀಮೆಯಲ್ಲಿ, ಮೊದಲನೆಯ ಚಾರ್ಜರ್ ಕೈಕೊಟ್ಟರೆ ಎರಡನೆಯದನ್ನು ತಲುಪುವಷ್ಟು ಬ್ಯಾಟರಿ ಇಟ್ಟುಕೊಂಡೇ ಮೊದಲನೆಯದಕ್ಕೆ ಬರಬೇಕು. ಅದಕ್ಕೆಂದೇ ನಾವು ಶೇಕಡ 20ರ ಕೆಳಗೆ ಇಳಿಯುವ ಯೋಜನೆಯನ್ನೇ ಮಾಡುವುದಿಲ್ಲ.

ಪುತ್ತೂರಿನಲ್ಲಿ ಅಂದು ಮಳೆ ಸುರಿಯುತ್ತಲೇ ಇತ್ತು. ನಾನು ಗನ್ ಹಿಡಿದು ಇಳಿದಾಗ ಅಮ್ಮ ಕಿಟಕಿಯ ಗಾಜು ಇಳಿಸಿ, "ಮಳೇಲಿ ಅದನ್ನ ಮುಟ್ಟಬೇಡ ಕಣೋ, ಶಾಕ್ ಹೊಡೆದೀತು" ಎಂದು ಕೂಗಿದರು. ಈ ಭಯ ಅನೇಕರಿಗಿದೆ, ಆದ್ದರಿಂದ ಹೇಳುತ್ತೇನೆ: ಗನ್ ಕಾರಿನೊಳಗೆ ಕೂತು ಟಕ್ ಎಂದು ಲಾಕ್ ಆಗಿ, ಕಾರು ಮತ್ತು ಯಂತ್ರ ಒಂದಕ್ಕೊಂದು ಮಾತಾಡಿಕೊಂಡು, ಎಲ್ಲವೂ ಸರಿಯಿದೆ ಎಂದು ಖಚಿತವಾಗುವವರೆಗೆ ಅದರ ತುದಿಗೆ ಚಾರ್ಜಿಂಗ್ ಕರೆಂಟ್ ಬರುವುದೇ ಇಲ್ಲ. ಒಳಗೆ ಸೋರಿಕೆ ಕಂಡರೆ ಯಂತ್ರ ತಾನೇ ನಿಂತುಬಿಡುತ್ತದೆ. ನಾವು ಮಾಡಬೇಕಾದದ್ದು ಗನ್ನಿನ ಬಾಯಿಗೂ ಕಾರಿನ ಬಾಯಿಗೂ ನೀರು ತುಂಬಿಕೊಳ್ಳದಂತೆ ಕೊಡೆ ಹಿಡಿಯುವುದು, ಕೇಬಲ್ ಸೀಳಿದ್ದರೆ ಅಥವಾ ಪಿನ್ನು ಕರಕಲಾಗಿದ್ದರೆ ಆ ಗನ್ನನ್ನು ಬಿಟ್ಟುಬಿಡುವುದು, ಅಷ್ಟೇ. ಅಮ್ಮನೇ ಆಮೇಲೆ ಕೊಡೆ ಹಿಡಿದು ನಿಂತರು.

ಹಣ ಕಟ್ಟುವುದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಆಪ್‌ಗಳನ್ನು ಮನೆಯಲ್ಲಿಯೇ ಹಾಕಿಕೊಂಡು, ಒಟಿಪಿ ಕೊಟ್ಟು, ವ್ಯಾಲೆಟ್ಟಿಗೆ ಒಂದಿಷ್ಟು ದುಡ್ಡು ಹಾಕಿಟ್ಟಿರಬೇಕು. ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಒಟಿಪಿಯೂ ಬರುವುದಿಲ್ಲ. ಬಿಲ್ಲಿನಲ್ಲಿ ಶೇಕಡ 18 ಜಿಎಸ್‌ಟಿ ಸೇರುತ್ತದೆ. ಚಾರ್ಜಿಂಗ್ ಎಂಬುದು ಬರಿಯ ಕರೆಂಟ್ ಮಾರಾಟವೋ ಸೇವೆಯೋ ಎಂಬ ಪ್ರಶ್ನೆಯನ್ನು ನಮ್ಮ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವೇ ಎತ್ತಿದಾಗ, ಅದು ಸೇವೆ ಎಂದು 2023ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ ಹೇಳಿತು. ಮನೆಯಲ್ಲಿ ತುಂಬಿಸಿಕೊಳ್ಳುವ ಕರೆಂಟಿಗೂ ರಸ್ತೆಯಲ್ಲಿ ಕೊಳ್ಳುವ ಕರೆಂಟಿಗೂ ಬೆಲೆಯಲ್ಲಿ ಅಂತರವಿರಲು ಇದೂ ಒಂದು ಕಾರಣ.

ಉಡುಪಿಯಲ್ಲಿ ಉಳಿಯುವ ಕೋಣೆಯನ್ನು ಗೊತ್ತುಮಾಡುವಾಗಲೇ, ಕಾರು ನಿಲ್ಲಿಸುವ ಜಾಗದಲ್ಲಿ 16 ಆಂಪಿಯರ್ ಪ್ಲಗ್ ಇದೆಯೇ, ಕರೆಂಟಿಗೆ ಬೇರೆಯಾಗಿ ಎಷ್ಟು ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ. ಕೇಳಿದರೆ ಇಲ್ಲವೆನ್ನುವವರು ಕಡಿಮೆ. ಕೇಳದೆ ಚುಚ್ಚಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಕಾರಿನ ಜೊತೆ ಬರುವ ಕೇಬಲ್ಲಿನಲ್ಲಿ ಗಂಟೆಗೆ 3 ಯೂನಿಟ್ ಹತ್ತುತ್ತದೆ, ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಬಿಟ್ಟರೆ ಬ್ಯಾಟರಿ 90 ದಾಟಿರುತ್ತದೆ. ಹಳೆಯ ಕಟ್ಟಡಗಳಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ ಕೇಬಲ್ಲಿನ ನಡುವಿನ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿ ಚಾರ್ಜ್ ಶುರುವಾಗುವುದೇ ಇಲ್ಲ. ಆಗ ಬಲವಂತ ಮಾಡಬಾರದು. ಆ ದೀಪವನ್ನು ರಾತ್ರಿ ಮಲಗುವ ಮುಂಚೆಯೇ ಹೋಗಿ ನೋಡಿ ಬರಬೇಕು.

ಹಿಂದಿರುಗುವ ದಾರಿಯಲ್ಲಿ ನಾವು ಎರಡು ಕಡೆ ನಿಲ್ಲುತ್ತೇವೆ. ಉಡುಪಿಯಿಂದ ಸುಳ್ಯಕ್ಕೆ ಬರುವಾಗ 40ರಷ್ಟು ಉಳಿದಿರುತ್ತದೆ. ಮಡಿಕೇರಿ ಅಲ್ಲಿಂದ ಬರಿಯ 50 ಚಿಲ್ಲರೆ ಕಿಲೋಮೀಟರ್ ಎಂದು ಬೋರ್ಡು ಹೇಳುತ್ತದೆ. ಆದರೆ ದೂರಕ್ಕೆ ಏಳೂವರೆ ಯೂನಿಟ್, ಏರಿಗೆ ಆರು, ಒಟ್ಟು ಹದಿಮೂರೂವರೆ, ಅಂದರೆ ಬ್ಯಾಟರಿಯ ಮೂರನೆಯ ಒಂದು ಭಾಗ. ಹಾಗೆಯೇ ಹತ್ತಿದರೆ ಮಡಿಕೇರಿಯ ಚಳಿಯಲ್ಲಿ ಶೇಕಡ 6ರೊಂದಿಗೆ ನಿಂತಿರಬೇಕಾಗುತ್ತದೆ, ಲಾರಿಯೊಂದು ಕೆಟ್ಟು ದಾರಿ ಕಟ್ಟಿದರೆ ಅದೂ ಇರುವುದಿಲ್ಲ. ಆದುದರಿಂದ ಘಟ್ಟದ ಬುಡದಲ್ಲಿಯೇ 80ಕ್ಕೆ ತುಂಬಿಸಿಕೊಳ್ಳಬೇಕು. ಮೇಲೆ ಹತ್ತಿ ಕುಶಾಲನಗರಕ್ಕೆ ಬರುವಾಗ 38ರ ಸುಮಾರಿಗೆ ಇರುತ್ತದೆ. ಮೈಸೂರಿಗೆ ಇನ್ನು 90 ಕಿಲೋಮೀಟರ್, 13 ಯೂನಿಟ್, ಶೇಕಡ 32. ಕಾಗದದ ಮೇಲೆ ಸಾಕು, ಮನಸ್ಸಿಗೆ ಸಾಲದು. ಇಪ್ಪತ್ತು ನಿಮಿಷದ ಕಾಫಿಗೆ ಅಲ್ಲಿ ನಿಂತರೆ ಹತ್ತು ಯೂನಿಟ್ ಸೇರುತ್ತದೆ, ಮನೆಗೆ ಮೂವತ್ತರೊಂದಿಗೆ ಬಂದು ತಲುಪಬಹುದು.

ಮಳೆಗಾಲದಲ್ಲಿ ಇನ್ನೊಂದು ದಾರಿಯ ಲೆಕ್ಕವನ್ನೂ ಬರೆದಿಟ್ಟುಕೊಂಡೇ ಹೊರಡುವುದು ಒಳ್ಳೆಯದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿಹೋಗಿದ್ದುದನ್ನು ಯಾರೂ ಮರೆತಿಲ್ಲ. ಆಗ ಉಳಿಯುವುದು ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಘಟ್ಟ, ಸಕಲೇಶಪುರ, ಹಾಸನ, ಹೊಳೆನರಸೀಪುರ, ಕೆ.ಆರ್. ನಗರದ ದಾರಿ, ಶಿರಾಡಿಯೂ ಮಳೆಗೆ ಮುಚ್ಚುವುದುಂಟು, ಹೊರಡುವ ಬೆಳಗ್ಗೆ ವಿಚಾರಿಸಿಕೊಳ್ಳಬೇಕು. ಈ ದಾರಿ ಮಂಗಳೂರಿನಿಂದ ಮೂವತ್ತೈದು ಕಿಲೋಮೀಟರಿನಷ್ಟು ಹೆಚ್ಚು, ಅಂದರೆ ಐದು ಯೂನಿಟ್ ಹೆಚ್ಚು. ಸಕಲೇಶಪುರ ಮಡಿಕೇರಿಗಿಂತ ಸುಮಾರು 240 ಮೀಟರ್ ತಗ್ಗಿನಲ್ಲಿರುವುದರಿಂದ ಏರಿನಲ್ಲಿ ಒಂದು ಯೂನಿಟ್ಟಿಗೂ ಸ್ವಲ್ಪ ಹೆಚ್ಚು ಉಳಿಯುತ್ತದೆ. ಇಲ್ಲಿಯೂ ತುಂಬಿಸಿಕೊಳ್ಳಬೇಕಾದದ್ದು ಘಟ್ಟ ಹತ್ತುವ ಮುಂಚೆ, ಉಪ್ಪಿನಂಗಡಿಯ ಆಸುಪಾಸಿನಲ್ಲಿ. ಎರಡನೆಯ ನಿಲುಗಡೆಗೆ ಹಾಸನ ಅನುಕೂಲ: ಊರು ದೊಡ್ಡದು, ಒಂದು ಚಾರ್ಜರ್ ಕೈಕೊಟ್ಟರೆ ಊರೊಳಗೇ ಇನ್ನೊಂದನ್ನು ಹುಡುಕಿಕೊಳ್ಳಬಹುದು, ಮತ್ತು ಅಲ್ಲಿಂದ ಮೈಸೂರಿಗೆ 120 ಕಿಲೋಮೀಟರ್ ದಾರಿ ಒಟ್ಟಾರೆ ಇಳಿಮುಖವೇ ಆಗಿರುವುದರಿಂದ 16 ಯೂನಿಟ್ ಸಾಕಾಗುತ್ತದೆ.