ವಿಆರ್ ಹೆಡ್‌ಸೆಟ್ ಬಿಸಿಲಿಗೆ ಒಣಹಾಕಬೇಡಿ

ಕೊಡಗಿನಲ್ಲಿ ಮಳೆ ಬಿಟ್ಟು ಬಿಸಿಲು ಬಂತೆಂದರೆ ಮನೆಯೊಳಗಿನದೆಲ್ಲ ಅಂಗಳಕ್ಕೆ ಬರುತ್ತೆ. ಹಾಸಿಗೆ, ಕಂಬಳಿ, ಬೂಸ್ಟು ಹಿಡಿದ ಬೆಲ್ಟು, ಬ್ಯಾಗು, ಎಲ್ಲಾ. ಕೊಡವರ ಕಕ್ಕಡ ತಿಂಗಳ ಮಳೆಯಲ್ಲಿ ಒಣಗದ್ದು ಇನ್ಯಾವಾಗ ಒಣಗಬೇಕು, ಅಲ್ವಾ? ಆದರೆ ವಿಆರ್ ಹೆಡ್‌ಸೆಟ್ಟನ್ನು ಮಾತ್ರ ದಯವಿಟ್ಟು ಆ ಸಾಲಿನಲ್ಲಿ ಇಡಬೇಡಿ. ಕಣ್ಣಿಗೆ ಕಟ್ಟಿಕೊಂಡು ಆಟ ಆಡುವ, ಒಳಗೆ ಪುಟ್ಟ ಪರದೆ, ಅದರ ಮುಂದೆ ಲೆನ್ಸ್ ಇರುವ ಸಾಧನ ಅದು.

ಮಡಿಕೇರಿ ಹತ್ತಿರ ನನ್ನ ಪರಿಚಯದವರೊಬ್ಬರು ಹೋಮ್‌ಸ್ಟೇ ನಡೆಸುತ್ತಾರೆ. ಬಂದವರ ಮಕ್ಕಳು ಆಡಲಿ ಅಂತ ಮೆಟಾ ಕಂಪನಿಯ ಕ್ವೆಸ್ಟ್ 2 ಅನ್ನೋ ಹೆಡ್‌ಸೆಟ್ ಒಂದನ್ನು ಇಟ್ಟಿದ್ದರು. ಮುಖಕ್ಕೆ ತಾಗುವ ಸ್ಪಂಜು ಮುಗ್ಗಲು ವಾಸನೆ ಹೊಡೀತಿದೆ ಅಂತ ಮನೆಯವರು ಇಡೀ ಹೆಡ್‌ಸೆಟ್ಟನ್ನೇ ಲೆನ್ಸ್ ಮೇಲೆ ಮಾಡಿ ಬಿಸಿಲಿಗೆ ಜಗುಲಿ ಕಟ್ಟೆ ಮೇಲೆ ಇಟ್ಟರು. ಆಮೇಲೆ ಆನ್ ಮಾಡಿದರೆ ಹಳದಿ ಕಲೆ, ನಡುವೆ ಬಾಲದ ಹಾಗೆ ಎಳೆದ ಒಂದು ಕಪ್ಪು ಗೆರೆ. ಸೂರ್ಯ ಸರಿದ ಹಾಗೆ ಸುಟ್ಟ ಜಾಗವೂ ಸರಿದಿದೆ. ನಾನೇ ಹಾಕಿ ನೋಡಿದೆ, ತಲೆ ಯಾವ ಕಡೆ ತಿರುಗಿಸಿದರೂ ಕಲೆ ಕಣ್ಣ ಮುಂದೆಯೇ ಬರುತ್ತೆ. ತುಂಬಾ ಬೇಜಾರಾಯ್ತು.

ಭೂತಗನ್ನಡಿ ಹಿಡಿದು ಕಾಗದ ಸುಡುತ್ತೇವಲ್ಲ, ಇಲ್ಲಿ ಆಗೋದೂ ಅದೇ. ಕಣ್ಣಿನ ಹತ್ತಿರವೇ ಇರುವ ಪುಟ್ಟ ಪರದೆ ದೂರದಲ್ಲಿರುವ ಹಾಗೆ ಕಾಣಬೇಕು ಅಂದರೆ ಅದನ್ನು ಹೆಚ್ಚುಕಮ್ಮಿ ಲೆನ್ಸಿನ ಫೋಕಸ್ ಇರುವ ಜಾಗದಲ್ಲೇ ಕೂರಿಸಬೇಕು. ಹೊರಗಿನ ಬಿಸಿಲು ಲೆನ್ಸಿಗೆ ಬಿದ್ದರೆ ಅದೂ ಅಲ್ಲೇ ಒಂದು ಚುಕ್ಕೆಯಾಗಿ ಸೇರುತ್ತೆ. ಪವರ್ ಆಫ್ ಇದ್ದರೂ ಸುಡುತ್ತೆ. ಒಂದು ನಿಮಿಷದೊಳಗೇ ಸುಡಬಹುದು, ಸುಟ್ಟದ್ದು ಸರಿಹೋಗಲ್ಲ, ಸಾಮಾನ್ಯವಾಗಿ ವಾರಂಟಿಯೂ ಸಿಗಲ್ಲ. 2023ರ ಕ್ವೆಸ್ಟ್ 3ರಲ್ಲಿ ಲೆನ್ಸ್ ಬೇರೆ ಥರದ್ದು, ಆದರೂ ಬಿಸಿಲಿನ ಭಯ ಹೋಗಿಲ್ಲ.

ಮೋಡ ಇದೆಯಲ್ಲ ಅಂತ ಅಂಗಳದಲ್ಲಿ ಆಡೋದೂ ಬೇಡ. ನಮ್ಮಲ್ಲಿ ಮೋಡ ಸರಿಯೋಕೆ ಎಷ್ಟು ಹೊತ್ತು? ಹೆಡ್‌ಸೆಟ್ ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಾಗಲೇ ಲೆನ್ಸ್ ಆಕಾಶಕ್ಕೆ ತಿರುಗಿರುತ್ತೆ. ಕಿಟಕಿ ಪಕ್ಕದ ಮೇಜೂ ಅಷ್ಟೇ, ಅದರಲ್ಲೂ ಡಿಸೆಂಬರ್, ಜನವರಿಯಲ್ಲಿ ಬಿಸಿಲು ಓರೆಯಾಗಿ ಬಿದ್ದು ಕೋಣೆಯ ಒಳಗಿನ ತನಕ ಬರುತ್ತೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲಂತೂ ಇಡಲೇಬೇಡಿ, ಆ ಕಾವು ಬ್ಯಾಟರಿಗೂ ಒಳ್ಳೆಯದಲ್ಲ.

ಹಾಗಂತ ಶೀತಕ್ಕೆ ಬಿಟ್ಟರೆ ಬೂಸ್ಟು ಬರುತ್ತೆ, ಅದೂ ನಿಜ. ಮುಖದ ಸ್ಪಂಜು ಕಳಚಿ ಬರುತ್ತೆ, ಅದನ್ನಷ್ಟೇ ತೆಗೆದು ಒರೆಸಿ ಫ್ಯಾನ್ ಕೆಳಗೆ ಒಣಗಿಸಿ. ಲೆನ್ಸಿಗೆ ಒಣ ಮೈಕ್ರೋಫೈಬರ್ ಬಟ್ಟೆ ಸಾಕು, ಸ್ಪಿರಿಟ್ ಗಿರಿಟ್ ಬೇಡ. ಆಡಿ ಮುಗಿದ ಮೇಲೆ ಲೆನ್ಸ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಡಬ್ಬಿ ಪಾರದರ್ಶಕದ್ದಾದರೆ ಬೀರುವಿನೊಳಗೆ ಇಡಿ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಗೊಂಡರೆ ಯಾವಾಗ ಬದಲಿಸಬೇಕು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.