ಹುಳಿ ಪಾತ್ರೆಯ ತೂಕ: ಈ ತಿಂಗಳ ಕಾರ್ಬ್ ಲೆಕ್ಕ

ಗುರಿ ಹಳೆಯದೇ: ದಿನಕ್ಕೆ 100 ಗ್ರಾಂ ಒಳಗೆ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಊಟದಲ್ಲಿನ ಪಿಷ್ಟ, ಸಕ್ಕರೆ). ಕಾರ್ಬನ್ನು ತೀರಾ ಕಡಿಮೆ ಮಾಡುವ ಕೀಟೋ ಪಥ್ಯದವರ ಹಾಗೆ 20-50 ಗ್ರಾಂಗೆ ಇಳಿಯುವ ಆಸೆ ನನಗಿಲ್ಲ. ಹುಳಿ, ಮೊಸರು ಬಿಟ್ಟು ಬದುಕೋದು ನನ್ನಿಂದ ಆಗಲ್ಲ. ಈ ತಿಂಗಳು ಹಿಡಿದದ್ದು ಒಂದೇ ಕೆಲಸ, ಮನೆ ಅಡುಗೆಗೆ ನಂಬುವಂಥ ಅಂಕಿ ಹುಡುಕೋದು. ಆ್ಯಪ್‌ನಲ್ಲಿ 'ಸಾಂಬಾರ್, ಒಂದು ಬಟ್ಟಲು' ಅಂತ ಕೊಟ್ಟರೆ ಹತ್ತು ಉತ್ತರ ಬರುತ್ತವೆ. ಯಾರ ಮನೆಯ ಸಾಂಬಾರು, ಎಷ್ಟು ದೊಡ್ಡ ಬಟ್ಟಲು, ಏನೂ ತಿಳಿಯುವುದಿಲ್ಲ.

ಹಾಗಾಗಿ ತಟ್ಟೆ ತೂಗುವುದನ್ನು ಬಿಟ್ಟು ಪಾತ್ರೆಯನ್ನೇ ತೂಗಲು ಶುರು ಮಾಡಿದೆ. ಖಾಲಿ ಪಾತ್ರೆಯ ತೂಕ ಬರೆದುಕೊಂಡೆ. ಹಾಕುವ ಪ್ರತಿ ಸಾಮಾನನ್ನೂ ಹಸಿಯಾಗಿರುವಾಗಲೇ ತೂಗಿದೆ. ಕಣ್ಣಳತೆಯಲ್ಲೇ ಅಡುಗೆ ಮಾಡುವ ಅಮ್ಮನಿಗೆ ಇದು ತಮಾಷೆ. "ಏನೋ ಇದು, ದಿನಸಿ ಅಂಗಡಿ ಇಟ್ಟಿದ್ದೀಯಾ?" ಅಂದರು. ಆದರೂ ಬೇಳೆಯನ್ನು ನನ್ನ ತಕ್ಕಡಿಗೇ ಸುರಿದರು.

ಮೊನ್ನೆಯ ಹುರುಳಿಕಾಯಿ ಹುಳಿ ಹೀಗಿತ್ತು. ತೊಗರಿಬೇಳೆ 150 ಗ್ರಾಂ, ಅದರಿಂದ 83 ಗ್ರಾಂ ಕಾರ್ಬ್. ಹುರುಳಿಕಾಯಿ 200 ಗ್ರಾಂ, ಸುಮಾರು 9. ಈರುಳ್ಳಿ 100 ಗ್ರಾಂ, 8. ಹುಣಸೆಹಣ್ಣು 15 ಗ್ರಾಂ, 9. ಬೆಲ್ಲ 10 ಗ್ರಾಂ, 8ಕ್ಕಿಂತ ಸ್ವಲ್ಪ ಜಾಸ್ತಿ. ತೆಂಗಿನತುರಿ 40 ಗ್ರಾಂಗೆ ಬರೀ 2-3. ಒಟ್ಟು 120 ಅಂತ ಇಟ್ಟುಕೊಂಡೆ. ಕುದಿದು ಇಳಿಸಿದ ಮೇಲೆ ಹುಳಿ ತೂಗಿದ್ದು 1,500 ಗ್ರಾಂ. ಅಂದರೆ 100 ಗ್ರಾಂ ಹುಳಿಗೆ 8 ಗ್ರಾಂ ಕಾರ್ಬ್. ನೀರು ಹೆಚ್ಚಾಗಲಿ ಕಡಿಮೆಯಾಗಲಿ, ಕೊನೆಯ ತೂಕದಲ್ಲಿ ಎಲ್ಲ ಸರಿಹೋಗುತ್ತದೆ. ಬಡಿಸುವ ಮುಂಚೆ ಸೌಟು ಹಾಕಿ ತಳದಿಂದ ಕಲಕಬೇಕು, ಅಷ್ಟೆ. ಮೇಲಿನ ತಿಳಿಗೂ ಅಡಿಯ ಗಟ್ಟಿಗೂ ಲೆಕ್ಕ ಒಂದೇ ಅಲ್ಲ.

ನಾನು ನೋಡುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕ. 528 ಪದಾರ್ಥಗಳಿವೆ, ನಮ್ಮ ಕಾಳು, ಸೊಪ್ಪು ಎಲ್ಲ ಸಿಗುತ್ತವೆ. ಇದರಲ್ಲಿ ಒಂದು ವಿಷಯ ಗಮನಿಸಬೇಕು. 100 ಗ್ರಾಂ ರಾಗಿಯ ಸಾಲನ್ನು ಕೂಡಿಸಿ ನೋಡಿ: ನೀರು 10.9, ಪ್ರೋಟೀನ್ 7.2, ಕೊಬ್ಬು 1.9, ಬೂದಿ (ಖನಿಜಾಂಶ) 2, ನಾರು 11.2, ಕಾರ್ಬ್ 66.8. ಸರಿಯಾಗಿ 100! ಅಂದರೆ ಕಾರ್ಬ್ ಅಂಕಿಯಿಂದ ನಾರನ್ನು ಆಗಲೇ ತೆಗೆದಿದ್ದಾರೆ. ನೆಟ್ ಕಾರ್ಬ್ (ನಾರು ಕಳೆದು ಉಳಿಯುವ ಕಾರ್ಬ್) ಬೇಕು ಅಂತ ನಾವು ಇನ್ನೊಂದು ಸಲ ನಾರು ಕಳೆದರೆ ರಾಗಿ 55.6ಕ್ಕೆ ಇಳಿದು ಸುಳ್ಳು ಖುಷಿ ಕೊಡುತ್ತದೆ. ಅಮೆರಿಕದ ಕೋಷ್ಟಕದಲ್ಲಿ ಇದು ಉಲ್ಟಾ. ಅಲ್ಲಿ ಹಸಿ ತೆಂಗಿನಕಾಯಿಗೆ 15 ಅಂತಿರುತ್ತದೆ, ಅದರಲ್ಲಿ 9 ನಾರು. ಕಳೆಯಲೇಬೇಕು. ಆ್ಯಪ್‌ಗಳು ಎರಡೂ ಕಡೆಯ ಅಂಕಿಗಳನ್ನು ಬೆರೆಸಿಟ್ಟಿದ್ದರೆ ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? ನಾನಂತೂ ಸುಮ್ನೆ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ.

ರಾಗಿ ಮಾತು ಬಂತಲ್ಲ, ಮುದ್ದೆ ತಿಂದರೆ ಕಾರ್ಬ್ ಇಲ್ಲ ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. 50 ಗ್ರಾಂ ಹಿಟ್ಟಿನ ಮುದ್ದೆಗೆ 33 ಗ್ರಾಂ, 50 ಗ್ರಾಂ ಅಕ್ಕಿಯ ಅನ್ನಕ್ಕೆ 39. ನಾರು ಜಾಸ್ತಿ, ಅದು ಒಳ್ಳೆಯದೇ. ಆದರೆ ಲೋ ಕಾರ್ಬ್ ಅಂತೂ ಅಲ್ಲ. ಇನ್ನು, ಹಸಿ ಅಕ್ಕಿಯ 78ನ್ನು ಬೆಂದ ಅನ್ನಕ್ಕೆ ಹಾಕಬೇಡಿ. 100 ಗ್ರಾಂ ಅನ್ನದಲ್ಲಿ ಇರುವುದು ಸುಮಾರು 28.

ಕಾಫಿ ಲೆಕ್ಕ ಬೇಗ ಮುಗಿಯಿತು. 100 ಎಂಎಲ್ ಹಾಲಿಗೆ ಸುಮಾರು 5, ಒಂದು ಚಮಚ ಸಕ್ಕರೆಗೆ 4. ಸಕ್ಕರೆ ಬಿಟ್ಟೆ, ಹಾಲು ಬಿಡಲಿಲ್ಲ. ಚಟ್ನಿಯಲ್ಲಿ ಕಾಯಿಗಿಂತ ಹುರಿಗಡಲೆಯನ್ನೇ ತೂಗಬೇಕು, ಕಾರ್ಬ್ ಇರುವುದು ಅದರಲ್ಲಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಹೀಗೆಲ್ಲ ಕಾರ್ಬ್ ಇಳಿಸಬೇಡಿ. ಡೋಸ್ ಹಾಗೇ ಇದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಈ ವಾರ ದೋಸೆ ಹಿಟ್ಟಿನ ಸರದಿ. ಅಕ್ಕಿ 300 ಗ್ರಾಂ, ಉದ್ದಿನಬೇಳೆ 100 ಗ್ರಾಂ: 234ಕ್ಕೆ 51 ಸೇರಿಸಿದರೆ 285 ಗ್ರಾಂ ಕಾರ್ಬ್. ರುಬ್ಬಿದ ಹಿಟ್ಟು ಒಂದು ಕೆ.ಜಿ. ಬಂತು. ನಮ್ಮ ಸೌಟಿಗೆ 80 ಗ್ರಾಂ ಹಿಡಿಯುತ್ತದೆ, ಒಂದು ದೋಸೆಗೆ 23 ಗ್ರಾಂ. ಹುದುಗಿದಾಗ ಸ್ವಲ್ಪ ಕಡಿಮೆಯಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ. ಎರಡು ದೋಸೆ ತಿಂದರೆ ದಿನದ ಅರ್ಧ ಪಾಲು ಬೆಳಿಗ್ಗೆಯೇ ಹೋಯಿತು! ಮುಂದಿನ ವಾರ ಅಕ್ಕಿಯೇ ಹಾಕದೆ ಇಡೀ ಹೆಸರುಕಾಳಿನ ದೋಸೆ ಮಾಡಬೇಕು. ಕಾಳಿಗೆ 100 ಗ್ರಾಂಗೆ 46 ಅಷ್ಟೆ. ಕಾವಲಿಯಿಂದ ಹರಿಯದೆ ಏಳುತ್ತದಾ ಅನ್ನೋದೇ ಅಮ್ಮನ ಅನುಮಾನ.