ತಿನ್ನೂದು ಹೊಲದಾಗ, ಹಾಕೂದು ಕೆರಿಯಾಗ

ಡಿಸೆಂಬರ್ ಕೊನೆಯ ವಾರ, ನಸುಕಿನ ಐದೂವರೆ. ಶಿರಹಟ್ಟಿ, ಲಕ್ಷ್ಮೇಶ್ವರದ ನಡುವಿನ ಮಾಗಡಿ ಕೆರೆ ಇನ್ನೂ ಖಾಲಿ. ಪಟ್ಟೆತಲೆ ಹೆಬ್ಬಾತುಗಳು ರಾತ್ರಿಯೆಲ್ಲ ಸುತ್ತಲಿನ ಎರೆಹೊಲಗಳಲ್ಲಿ ಕಡಲೆ, ಶೇಂಗಾ ಮೇಯ್ದು, ಬೆಳಕು ಹರಿಯುತ್ತಲೇ ಕೆರೆಗೆ ಬರುತ್ತವೆ. ಅವು ಹಿಕ್ಕೆಯ ಮೂಲಕ ಕೆರೆಗೆ ತರುವ ಸಾರಜನಕ, ರಂಜಕ ಎಷ್ಟೆಂದು ಅಳೆಯುವ ಕೆಲಸ ಶುರುವಾಗಬೇಕಾದದ್ದು ಅದಕ್ಕೂ ಮುಂಚೆ: ದಡದಲ್ಲಿ ಪಿವಿಸಿ ಪೈಪಿನ ಒಂದು ಮೀಟರ್ ಚೌಕಟ್ಟು ಇಟ್ಟು, ಮೂಲೆಗೆ ಗೂಟ ಬಡಿದು, ಒಳಗಿನ ಹಳೆಯ ಹಿಕ್ಕೆಯನ್ನೆಲ್ಲ ಆರಿಸಿ ಹೊರಗೆಸೆಯಬೇಕು. ಇದೊಂದನ್ನು ಮರೆತರೆ ಸಂಜೆ ಎಣಿಸುವುದು ಇಂದಿನ ಲೆಕ್ಕವಲ್ಲ, ವಾರದ ಲೆಕ್ಕ. (ಇದು ಸಂರಕ್ಷಿತ ಪ್ರದೇಶ, 2024ರಿಂದ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಕೂಡ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ದಡಕ್ಕಿಳಿಯುವಂತಿಲ್ಲ.)

ಏಳರ ಸುಮಾರಿಗೆ ಹಿಂಡು ಹಿಂಡಾಗಿ ಇಳಿದವು. ಏರಿ ಮೇಲೆ ನಿಂತು ನೋಡುತ್ತಿದ್ದ ರೈತರೊಬ್ಬರು ಹೇಳಿದರು: “ಅಲ್ರೀ ಸರ, ತಿನ್ನೂದು ನಮ್ಮ ಹೊಲದಾಗ, ಗೊಬ್ಬರ ಹಾಕೂದು ಕೆರಿಯಾಗ. ಇದ್ಯಾವ ನ್ಯಾಯರೀ?”

ಕಡಲ ನಡುಗಡ್ಡೆಗಳಲ್ಲಿ ನಡೆಯುವುದೂ ಇದೇ, ಆದರೆ ಉಲ್ಟಾ. ಅಲ್ಲಿ ಹಕ್ಕಿ ತಿನ್ನುವುದು ನೀರಲ್ಲಿ, ಹಾಕುವುದು ನೆಲದ ಮೇಲೆ. ನಮ್ಮ ಲಕ್ಷದ್ವೀಪದ ಸಾಲಿನಲ್ಲೇ ತೆಂಕಣಕ್ಕೆ ಹೋದರೆ, ಮಾಲ್ಡೀವ್ಸ್ ದಾಟಿ, ಚಾಗೋಸ್ ದ್ವೀಪಗಳು ಸಿಗುತ್ತವೆ. ಹಡಗಿನಲ್ಲಿ ಬಂದ ಇಲಿಗಳು ಅಲ್ಲಿನ ಕೆಲವು ದ್ವೀಪಗಳಲ್ಲಿ ಕಡಲಹಕ್ಕಿಗಳ ಮೊಟ್ಟೆ, ಮರಿಗಳನ್ನೆಲ್ಲ ತಿಂದು ಮುಗಿಸಿದವು. ಕೆಲವನ್ನು ಇಲಿ ಮುಟ್ಟಲೇ ಇಲ್ಲ. ಹವಳದ ದಿಬ್ಬಗಳ ವಿಜ್ಞಾನಿ ನಿಕ್ ಗ್ರಹಾಂ ತಂಡ ಇಂಥ ಆರು, ಅಂಥ ಆರು ದ್ವೀಪಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಲೆಕ್ಕ: ಇಲಿ ಇಲ್ಲದ ಕಡೆ ಕಡಲಹಕ್ಕಿಗಳ ಸಾಂದ್ರತೆ 760 ಪಟ್ಟು, ನೆಲಕ್ಕೆ ಬೀಳುವ ಸಾರಜನಕ 251 ಪಟ್ಟು ಹೆಚ್ಚು. ಮಳೆಗೆ ತೊಳೆದು ಹೋದದ್ದು ಮತ್ತೆ ಕಡಲಿಗೇ. ಪಕ್ಕದ ಹವಳದ ದಿಬ್ಬಗಳಲ್ಲಿ ಮೀನಿನ ಒಟ್ಟು ತೂಕ ಶೇ 48 ಹೆಚ್ಚಿತ್ತು. ಇಲಿಗೂ ಮೀನಿಗೂ ಎಲ್ಲಿಯ ನಂಟು ಎಂದರೆ, ಇಲ್ಲಿಯದು.

ದ್ವೀಪ ಸಣ್ಣದಾದಷ್ಟೂ ಕಡಲಿನಿಂದ ಬರುವ ಆಹಾರದ ಪಾಲು ಜಾಸ್ತಿ. ಕಾರಣ ಬದುವಿನ ಲೆಕ್ಕ: ಹೊಲ ತುಂಡಾದಷ್ಟೂ ಎಕರೆಗೆ ಬದು ಹೆಚ್ಚಾಗುವುದಿಲ್ಲವೇ, ಹಾಗೆ. ತ್ರಿಜ್ಯ 50 ಮೀಟರ್ ಇರುವ ದುಂಡನೆಯ ದ್ವೀಪಕ್ಕೆ ಹೆಕ್ಟೇರಿಗೆ 400 ಮೀಟರ್ ದಡ. ತ್ರಿಜ್ಯ 500 ಆದರೆ ಬರೀ 40. ಅಲೆ ತಂದು ಹಾಕುವ ಪಾಚಿ, ಸತ್ತ ಮೀನು ಎಲ್ಲ ದಡಕ್ಕೇ ತಾನೆ ಬೀಳುವುದು. ಕ್ಯಾಲಿಫೋರ್ನಿಯಾ ಕೊಲ್ಲಿಯ ಒಣ ದ್ವೀಪಗಳಲ್ಲಿ ಪರಿಸರ ವಿಜ್ಞಾನಿ ಗ್ಯಾರಿ ಪೋಲಿಸ್ ಕಂಡದ್ದೂ ಇದೇ: ಹಸಿರೇ ಇಲ್ಲದಂಥ ಪುಟ್ಟ ದ್ವೀಪಗಳಲ್ಲಿ, ಅಲೆ ತಂದದ್ದನ್ನು ತಿನ್ನುವ ಹುಳುಗಳನ್ನು ಹಿಡಿಯುವ ಜೇಡಗಳ ಜಾತ್ರೆ.

ಹಿಕ್ಕೆಯನ್ನು ಹತ್ತಿರದಿಂದ ನೋಡಿದರೆ ಅರ್ಧ ವಿಷಯ ಅಲ್ಲೇ ಇದೆ. ಹೆಬ್ಬಾತಿನದು ಬೆರಳಿನಂತೆ ಉದ್ದ, ಹಸಿರುಗಂದು, ಮುರಿದರೆ ಒಳಗೆ ಬರೀ ನಾರು. ಒಂದು ತುದಿಗೆ ಮಾತ್ರ ಸುಣ್ಣ ಹಚ್ಚಿದಂತೆ ಬಿಳುಪು. ಆ ಬಿಳುಪೇ ಯೂರಿಕ್ ಆಮ್ಲ. ಅದರ ತೂಕದ ಮೂರರಲ್ಲೊಂದು ಪಾಲು ಸಾರಜನಕ. ಮೀನು ತಿನ್ನುವ ಕಡಲಹಕ್ಕಿಯ ಹಿಕ್ಕೆಯಲ್ಲಿ ಈ ಬಿಳಿಯದೇ ರಾಜ್ಯಭಾರ. ಯೂರಿಯಾ ನೀರು ತಾಗಿದೊಡನೆ ಕರಗುತ್ತದೆ, ಯೂರಿಕ್ ಆಮ್ಲ ಅಷ್ಟು ಸುಲಭಕ್ಕೆ ಕರಗದು. ಪೆರುವಿನ ಚಿಂಚಾ ದ್ವೀಪಗಳಲ್ಲಿ, ಮಳೆಯೂ ಇಲ್ಲದ್ದರಿಂದ, ಹಿಕ್ಕೆ ಹತ್ತಾರು ಮೀಟರ್ ಗುಡ್ಡವಾಗಿ ನಿಂತಿತ್ತು.

ಸಂಜೆ ಬಾತುಗಳು ಎದ್ದು ಹೋದ ಮೇಲೆ ಟಾರ್ಚ್ ಹಿಡಿದು ಎಣಿಕೆ. ತಪ್ಪುಗಳಾಗುವುದು ಇಲ್ಲಿಂದಾಚೆಗೆ. ಹಸಿ ಹಿಕ್ಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಬೆಳಗ್ಗೆ ಮೂಗಿಗೆ ಅಮೋನಿಯಾ ಹೊಡೆಯುತ್ತದೆ; ಅಳೆಯಬೇಕಾದ ಸಾರಜನಕ ಗಾಳಿಪಾಲು. ಕಾಗದದ ಲಕೋಟೆ, ಐಸ್ ಡಬ್ಬಿ ಸಾಕು. ಒಣಗಿಸುವುದು 60 ಡಿಗ್ರಿಯಲ್ಲಿ, ತೂಕ ನಿಲ್ಲುವವರೆಗೆ, ಸುಮಾರು 48 ತಾಸು. ಬೇಗ ಆಗಲಿ ಎಂದು 105ಕ್ಕೆ ಏರಿಸಿದರೆ ಅಲ್ಲೂ ಅಮೋನಿಯಾ ಹಾರುತ್ತದೆ. ಎರೆಮಣ್ಣು ಅಂಟಿದ್ದರೆ ಚಾಕುವಿನಿಂದ ಕೆರೆದು ತೆಗೆಯಬೇಕು, ತೊಳೆಯಬಾರದು. ದಡದ ಮಣ್ಣಿನ ರಂಜಕ ಅಳೆಯಲು, ಸುಣ್ಣದ ಮಣ್ಣಿಗೆ ಹೊಂದುವ ಓಲ್ಸನ್ ವಿಧಾನವೇ ಬೇಕು. ಮಲೆನಾಡಿನ ಹುಳಿಮಣ್ಣಿಗೆ ಬಳಸುವ ಬ್ರೇ ಎಂಬ ಪರೀಕ್ಷೆಯ ದ್ರಾವಣದ ಆಮ್ಲವನ್ನು ನಮ್ಮ ಎರೆಮಣ್ಣಿನ ಸುಣ್ಣದ ಹರಳು ನುಂಗಿಬಿಡುತ್ತದೆ, ರಂಜಕ ಇದ್ದಕ್ಕಿಂತ ಕಡಿಮೆ ಕಾಣುತ್ತದೆ.

ಚಾಗೋಸ್‌ನಲ್ಲಿ ಕಡಲಿನ ಗುರುತು ಹಿಡಿದದ್ದು ಭಾರದ ಸಾರಜನಕದಿಂದ, ಅಂದರೆ 15ರ ಐಸೋಟೋಪಿನಿಂದ. ಆಹಾರ ಸರಪಳಿಯ ಒಂದೊಂದು ಮೆಟ್ಟಿಲಿಗೆ ಅದು ಸಾವಿರಕ್ಕೆ ಮೂರು–ನಾಲ್ಕರಷ್ಟು ಏರುತ್ತದೆ. ಮೀನು ತಿಂದ ಹಕ್ಕಿ ಮೇಲಿನ ಮೆಟ್ಟಿಲಿನದು, ಗುರುತು ಎದ್ದು ಕಾಣುತ್ತದೆ. ಮಾಗಡಿಯಲ್ಲಿ ಈ ಉಪಾಯ ಅಷ್ಟು ನಡೆಯದು: ಕಡಲೆ, ಶೇಂಗಾ ಎರಡೂ ಬೇರುಗಂಟಿನಲ್ಲಿ ಗಾಳಿಯ ಸಾರಜನಕ ಹಿಡಿಯುವ ಬೆಳೆ, ಗಾಳಿಯೇ ಈ ಅಳತೆಯ ಸೊನ್ನೆ, ಹೀಗಾಗಿ ಗುರುತು ಎದ್ದು ಕಾಣದು. ಹಾಗಾಗಿ ಇಲ್ಲಿ ಎಣಿಕೆ, ತೂಕ, ಸಾರಜನಕ ಅಳೆಯುವ ಕೆಲ್ಡಾಲ್ ಪರೀಕ್ಷೆ ಮೂರನ್ನೇ ನಂಬಬೇಕು.

ಚೌಕಟ್ಟು ಬಿಚ್ಚುವಾಗ ಬೆಳಗಿನ ರೈತರು ಮತ್ತೆ ಸಿಕ್ಕರು. ತಮ್ಮೂರ ಕೆರೆಯಿಂದ ಬೇಸಿಗೆಯಲ್ಲಿ ಹೊಲಕ್ಕೆ ಹೂಳು ಹೇರುತ್ತಾರಂತೆ. ಹಾಗಿದ್ದರೆ ಹೊಲದ ರಂಜಕ ಟ್ರಾಲಿ ಹತ್ತಿ ವಾಪಸ್ ಬಂದ ಹಾಗೆಯೇ, ಸಾರಜನಕ ಮಾತ್ರ ಅಷ್ಟು ಉಳಿಯುವುದಿಲ್ಲ ಎಂದದ್ದಾಯಿತು. ರಂಜಕ ಅಂಟಿಕೊಳ್ಳುವುದು ನುಣ್ಣನೆಯ ಜಿಗುಟುಮಣ್ಣಿಗೆ. ಹಳ್ಳ ಕೆರೆ ಸೇರುವ ಬಾಯಲ್ಲಿ ಮರಳೇ ಹೆಚ್ಚು, ಏರಿ ಕಡೆಯ ಆಳದ ಹೂಳನ್ನೇ ಹೇರಿರಿ ಎಂಬ ಸಲಹೆಗೆ ಅವರು ನಕ್ಕರು.

“ಅದು ನಮ್ಮ ಮುತ್ಯಾಗೂ ಗೊತ್ತಿತ್ರಿ.”